ಯೀಸ್ಟಿನ ಎರಡು ಸೀಸೆ

ಇವತ್ತು ಬ್ರೆಡ್ ಮಾಡೋಣವೆಂದು ಉಗುರುಬೆಚ್ಚಗಿನ ನೀರಿಗೆ ಯೀಸ್ಟ್ ಹಾಕಿದೆ. ಒಬ್ಬಳಿಗೆ ಯಾತರ ಬ್ರೆಡ್ಡು ಎನ್ನಬೇಡಿ. ಯಜಮಾನರು ಅಫಜಲಪುರದ ಕಚೇರಿಗೆ ಹೋದರೆ, ಸಂಜೆಯ ತನಕ ಜೇವರ್ಗಿಯ ಈ ಮನೆಯಲ್ಲಿ ಫ್ರಿಜ್ಜಿನ ಸದ್ದೇ ನನಗೆ ಜೊತೆ. ಬಟ್ಟಲಲ್ಲಿ ನೊರೆ ಎದ್ದು ಹುಳಿ ವಾಸನೆ ಬಂತು ನೋಡಿ, ನಾದಿನಿ ನಂದಾ ನೆನಪಾದಳು.

ಅವಳು ಕಲಬುರಗಿಯಲ್ಲಿ ಯೀಸ್ಟಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಪಾಠ ಹೇಳುವಳು. “ವೈನಿ, ಜೀನಿನ್ದು ನಕಲು ಚೀಟಿ ತಯಾರಾಗ್ತದ. ಅದನ್ನ ಓದಿ ಜೀವಕೋಶ ಪ್ರೋಟೀನ್ ಮಾಡ್ತದ. ನನ್ನ ಎರಡೂ ಯೀಸ್ಟಿನ್ಯಾಗ ಚೀಟಿ ಸರಿಸಮ ತಯಾರಾಗ್ತಾವ. ಆದ್ರ ಒಂದರಾಗ ಜಲ್ದಿ ಹರಿದುಹೋಗ್ತಾವ, ಇನ್ನೊಂದರಾಗ ಉಳಿತಾವ. ಜೀನಿನ್ಯಾಗ ಒಂದಕ್ಷರದ ಫರಕು, ಅಷ್ಟೇ! ಅಷ್ಟಕ್ಕ ಯಾಕ ಹರಿತಾವೋ ಇನ್ನಾ ತಿಳಿದಿಲ್ಲ.” ಕಾನ್ವೆಂಟಿನಲ್ಲಿ ಕಲಿತು ಬಂದ ನನ್ನನ್ನು ಓದಿದವಳೆಂದು ಈ ಮನೆಯಲ್ಲಿ ತಿಳಿದವಳು ಅವಳೊಬ್ಬಳೇ.

ಒಮ್ಮೆ ಲ್ಯಾಬಿನ ಫ್ರಿಜ್ ಕೆಟ್ಟು, ಎರಡು ಸೀಸೆಗಳನ್ನು ತಂದು ಮನೆಯ ಫ್ರಿಜ್ಜಿನಲ್ಲಿಟ್ಟಳು. ಒಂದು, ಕೊಳಕೂರಿನ ಈಚಲ ಗಿಡದ ಸೇಂದಿಯಿಂದ ತಾನೇ ಬೇರ್ಪಡಿಸಿದ ಯೀಸ್ಟು, ಬೇರೆಲ್ಲೂ ಇಲ್ಲದ್ದು. “ಜ್ವಾಕಿ ವೈನಿ” ಎಂದು ಹೇಳಿ ಹೋದಳು. ಸಂಜೆಯ ಪೂಜೆಗೆ ಹಾಲು ತೆಗೆಯಲು ಬಂದ ಅತ್ತೆ ಸೀಸೆ ಮೂಸಿದರು.

“ಲಿಂಗ ಕಟ್ಟಿದವರ ಮನ್ಯಾಗ ಶೆರೆ ಯಾರು ತಂದಿಟ್ಟಾರ? ನಿನಗೇನರ ಗೊತ್ತದೇನು?”

ಮಾತು ಬಾಯಿತನಕ ಬಂದಿತ್ತು. “ಇಲ್ರಿ ಅತ್ತಿ” ಎಂದೆ. ನಂದಾಳ ಪಾಠ ನನ್ನೊಳಗೇ ನಡೆದುಹೋಯಿತು: ಚೀಟಿ ತಯಾರಾಗಿತ್ತು, ಓದುವ ಮೊದಲೇ ಹರಿದುಹೋಯಿತು. ಅತ್ತೆ ಎರಡೂ ಸೀಸೆಗಳನ್ನು ಬಚ್ಚಲಿಗೆ ಸುರಿದರು. ಅರ್ಧ ತಾಸಿಗೆ ನಂದಾ ಬಂದು ಖಾಲಿ ಸೀಸೆ ಹಿಡಿದು ನಿಂತಾಗ, “ನಾ ತಲಿಮ್ಯಾಲ ನೀರು ಹಾಕ್ಕೊಳಾಕತ್ತಿದ್ದೆ, ನೋಡಲಿಲ್ಲವ್ವಾ” ಎಂದೆ. ಸುಳ್ಳು ಹೇಳುವಾಗಲೂ ನನ್ನ ದನಿ ಬಲು ನಯ.

ಆಮೇಲೆ ಅವಳು ಅಡುಗೆಮನೆಗೆ ಬಂದರೂ ನೀರು ಕುಡಿದು ಹೋಗುವಳು. ಓದಿನ ಗಡಿಬಿಡಿ ಇರಬೇಕೆಂದು ನನ್ನನ್ನು ನಾನೇ ನಂಬಿಸಿಕೊಂಡೆ. ಈಗ ಪುಣೆಯಲ್ಲಿದ್ದಾಳೆ, ಹಬ್ಬಕ್ಕೊಂದು ಫೋನು. ಅತ್ತೆ ತೀರಿಕೊಂಡು ವರ್ಷಗಳಾದವು. ಹೆದರಬೇಕಾದವರು ಯಾರೂ ಉಳಿದಿಲ್ಲ.

ಕೈ ಒರೆಸಿಕೊಂಡು ಫೋನ್ ಹಚ್ಚಿದೆ. “ನಂದಾ, ಆವತ್ತು ಅತ್ತಿ ಸೀಸಿ ಹಿಡಕೊಂಡು ನನ್ನ ಕೇಳಿದ್ರು. ನಾ ಗೊತ್ತಿಲ್ಲ ಅಂದೆ.”

“ಗೊತ್ತಿತ್ತು ಬಿಡ್ರಿ ವೈನಿ. ನಿಮ್ಮ ಕೂದಲಾ ಒಣಗಿತ್ತು. ಚೆಲ್ಲಿದ್ದಕ್ಕ ನನಗ ಸಿಟ್ಟು ಇದ್ದಿಲ್ಲ... ನೀವರೆ ಹೇಳ್ತೀರಿ ಅಂತ ಭಾಳ ದಿನ ಕಾದೆ.”

“ಆ ಚೀಟಿ ಯಾಕ ಹರಿತಿದ್ವು, ಕಡೀಗೆ ತಿಳಿತೇನು?” ಎಂದೆ.

“ಒಲಿಮ್ಯಾಲ ಏನರ ಇದ್ರ ಇಳಸ್ರಿ. ಹೇಳಾಕ ಜರಾ ವ್ಯಾಳ್ಯಾ ಹಿಡಿತದ.”

ಒಲೆಯ ಮೇಲೆ ಏನೂ ಇರಲಿಲ್ಲ. ಕುರ್ಚಿ ಎಳೆದುಕೊಂಡು ಕೂತೆ.