ಎರಡನೆಯ ಸಲದ ‘ಕೂಡ್ರಿ’

ಇವತ್ತು ಮುಂಜಾನೆ ಮಾಳಿಗೆಯ ಮೇಲೆ ಗಾದಿ ಹಾಸಿ ಬಂದೆ. ಹಳೆಯ ಹತ್ತಿ ಬಿಸಿಲು ಕುಡಿದಾಗ ಒಂದು ವಾಸನೆ ಬರುತ್ತದೆ, ನಿಮಗೂ ಗೊತ್ತಿರಬಹುದು. ಇಸ್ತ್ರಿ ಮಾಡಿದ ಬಟ್ಟೆಯದೂ ಅಲ್ಲ, ಹುರಿದ ಜೋಳದ್ದೂ ಅಲ್ಲ, ಎರಡರ ನಡುವಿನದು. ನನ್ನ ಮೂಗು ಈಗ ಅಷ್ಟೇನೂ ಚುರುಕಿಲ್ಲ. ಒಲೆಯ ಮೇಲೆ ಹಾಲು ಸೀದರೆ ಪಕ್ಕದ ಮನೆಯವರು ಬಂದು ಹೇಳಬೇಕು. ಆದರೆ ಈ ವಾಸನೆ ಮಾತ್ರ ಮೆಟ್ಟಿಲು ಇಳಿದು ನನ್ನನ್ನು ಹುಡುಕಿಕೊಂಡು ಬರುತ್ತದೆ. ಅದರ ಬೆನ್ನಿಗೇ ಮೌಲಾಸಾಬರ ನೆನಪು ಬರುತ್ತದೆ.

ಮೌಲಾಸಾಬರು ಅಫಜಲಪುರದ ನಮ್ಮ ಓಣಿಯ ತುದಿಯಲ್ಲಿದ್ದ ಗಾದಿಯವರು. ಹತ್ತಿ ಹಿಂಜುವುದು, ಗಾದಿ ದಿಂಬು ತುಂಬುವುದು ಅವರ ಮನೆತನದ ಕೆಲಸ. ಇಜೇರಿಯ ಕಡೆಯಿಂದ ಹತ್ತಿ ತರಿಸುತ್ತಿದ್ದರು. ಬೇರೆ ಕಡೆಯ ಹತ್ತಿ ತುಂಬಿದರೆ ಮಲಗಿದವರಿಗೆ ಕನಸೇ ಬೀಳುವುದಿಲ್ಲವೆಂದು ವಾದಿಸುತ್ತಿದ್ದರು. ನನ್ನ ಈ ಗಾದಿಯನ್ನು ತುಂಬಿದವರೂ ಅವರೇ. ಕನಸು ಬಿತ್ತೋ ಇಲ್ಲವೋ, ಸೊಂಟ ಮಾತ್ರ ಉಳಿದಿದೆ.

ಅವರ ವಿಷಯ ಹೇಳುವ ಮೊದಲು ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ನೀವು ಆಳಂದಕ್ಕೆ ಬನ್ನಿ, ಜೇವರ್ಗಿಗೆ ಹೋಗಿ, ಯಾರ ಮನೆಗೇ ಹೋದರೂ ಮೊದಲು ‘ಕೂಡ್ರಿ’ ಅನ್ನುತ್ತಾರೆ. ಅಂದ ಕೂಡಲೇ ಕೂತುಬಿಟ್ಟರೆ ಇದೇನು ಕೂಡಲಿಕ್ಕೇ ಬಂದಂತೆ ಕೂತಿತಲ್ಲ ಮನುಷ್ಯ ಎಂದುಕೊಳ್ಳುತ್ತಾರೆ. ಆದ್ದರಿಂದ ಮೊದಲ ಸಲ ‘ಇರ್ಲಿ ಬಿಡ್ರಿ’ ಅನ್ನಬೇಕು. ಮನೆಯವರಿಗೂ ಇದು ಗೊತ್ತು. ಅವರು ಕುರ್ಚಿಯನ್ನು ಕರಕರ ಎಳೆದು, ಸೆರಗಿನಿಂದಲೋ ಟವೆಲ್ಲಿನಿಂದಲೋ ಒರೆಸಿ, ಎರಡನೆಯ ಸಲ ‘ಕೂಡ್ರೀ’ ಎಂದು ಎಳೆದು ಹೇಳುತ್ತಾರೆ. ಆಗ ಕೂಡಬೇಕು. ಚಹಾಕ್ಕೂ ಇದೇ ಲೆಕ್ಕ. ಮೈಸೂರಿನ ಕಡೆಯಿಂದ ನಮ್ಮ ಶಾಲೆಗೆ ವರ್ಗವಾಗಿ ಬಂದಿದ್ದ ಟೀಚರೊಬ್ಬರು ತಮ್ಮ ಮನೆಗೆ ಬಂದ ನಮ್ಮ ಹೆಡ್ಮಾಸ್ತರರನ್ನು ಚಹಾ ಬೇಕೇ ಎಂದು ಕೇಳಿದರಂತೆ. ಇವರು ಬೇಡ ಅಂದರಂತೆ. ಅವರು ಸರಿ ಎಂದು ಪಾತ್ರೆ ಮುಚ್ಚಿಟ್ಟರಂತೆ. ಹೆಡ್ಮಾಸ್ತರರು ಈ ಕಥೆಯನ್ನು ತಮ್ಮ ಬೀಳ್ಕೊಡುಗೆಯ ದಿನವೂ ಹೇಳಿದರು.

ನಾನು ಇಲ್ಲೇ ಆಳಂದದ ಕಡೆಯ ಸರಸಂಬಾದಲ್ಲಿ ಹುಟ್ಟಿದವಳು, ರೂಢಿ ಗೊತ್ತಿಲ್ಲದವಳಲ್ಲ. ಆದರೆ ಡ್ರಿಲ್ ಟೀಚರಾಗಿ ಇಡೀ ನೌಕರಿಯನ್ನು ಸೀಟಿ ಊದಿಯೇ ಮುಗಿಸಿದವಳು. ‘ಕೂತುಕೋ’ ಅಂದರೆ ಕೂಡಬೇಕು, ‘ಏಳು’ ಅಂದರೆ ಏಳಬೇಕು. ಮೌಲಾಸಾಬರಿಗೂ ನನಗೂ ಇದಕ್ಕೇ ಜಗಳ. ಅವರು ಈ ರೂಢಿಯ ಮಹಾರಾಜರು. ಎರಡನೆಯ ಸಲ ಕರೆಯುವವರೆಗೆ ಬಾಗಿಲ ಚೌಕಟ್ಟು ಹಿಡಿದು, ಮುಗುಳುನಗುತ್ತ ನಿಂತೇ ಇರುತ್ತಿದ್ದರು.

“ಮೌಲಾಸಾಬ್ರ, ಕೂಡ್ರಿ ಅಂದೆನಲ್ಲ?”

“ಇರ್ಲಿ ಬಿಡ್ರಿ ಅಕ್ಕಾರ.”

“ಸೀಟಿ ಊದ್ಲೇನ್ರಿ?”

ಆಗ ನಕ್ಕು ಕೂಡುತ್ತಿದ್ದರು, ಅದೂ ಕುರ್ಚಿಯ ತುದಿಯಲ್ಲಿ. ಬಡವರ ಅಂಜಿಕೆ ಎಂದು ನೀವು ತಿಳಿಯಬಾರದು. ಅದರಲ್ಲಿ ಒಂದು ಗತ್ತಿತ್ತು. ನಾನಾಗಿ ಬಂದು ಕೂತವನಲ್ಲ, ನೀವು ಕೂಡಿಸಿದಿರಿ, ಅದಕ್ಕೇ ಕೂತೆ ಎಂಬ ಗತ್ತು.

ಅವರ ದೊಡ್ಡ ಮಗಳು ಶಬಾನಾ. ನನ್ನ ಖೋ ಖೋ ತಂಡದ ಹುಡುಗಿ. ಆಟದಲ್ಲಿ ಅವಳನ್ನು ಮುಟ್ಟುವುದು ಗಾಳಿಯನ್ನು ಮುಟ್ಟಿದ ಹಾಗೆ. ಮಾತೂ ಅಷ್ಟೇ, ಹಿಡಿತಕ್ಕೆ ಸಿಗುತ್ತಿರಲಿಲ್ಲ. ತಾಯಿ ಇಲ್ಲದ ಮನೆ, ಹಿಂದೆ ಪುಟ್ಟ ತಂಗಿ. ಶಾಲೆಗೆ ಸೂಟಿ ಬಿಟ್ಟಾಗ ಅಪ್ಪನ ಜೊತೆ ಗಾಣಗಾಪುರದ ಲಾಡ್ಜುಗಳಿಗೆ ಹೋಗುತ್ತಿದ್ದಳು. ಅಲ್ಲಿ ಯಾತ್ರಿಕರು ಮಲಗಿ ಎದ್ದ ಗಾದಿಗಳನ್ನು ಬಿಸಿಲಿಗೆ ಹಾಕುವುದು, ಹರಿದದ್ದನ್ನು ಹೊಲಿಯುವುದು ಅವರ ಕೆಲಸ.

ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಂಥ ಒಂದು ಲಾಡ್ಜಿನಲ್ಲಿ ಮಹಾರಾಷ್ಟ್ರದ ಕಡೆಯ ಯಾತ್ರಿಕಳೊಬ್ಬಳ ಮಂಗಳಸೂತ್ರ ಕಾಣೆಯಾಯಿತು. ಆಕೆ ಸಂಗಮಕ್ಕೆ ಹೋಗಿ ಸ್ನಾನ ಮುಗಿಸಿ ಬಂದು ನೋಡಿದರೆ ಇಲ್ಲ. ಕೋಣೆಯಲ್ಲೇ ಬಿಚ್ಚಿಟ್ಟು ಹೋಗಿದ್ದೆ ಎಂದಳು. ಆ ಕೋಣೆಗೆ ಅಂದು ಗಾದಿ ತೆಗೆಯಲು ಹೋದವಳು ಶಬಾನಾ. ಮೌಲಾಸಾಬರು ಕೆಳಗೆ ಅಂಗಳದಲ್ಲಿದ್ದರು. ಮರುದಿನ ಠಾಣೆಯಿಂದ ಹೇಳಿಕಳಿಸಿದರು: ಹುಡುಗಿಯನ್ನು ಕರೆದುಕೊಂಡು ಬನ್ನಿ, ಒಂದೆರಡು ಮಾತು ಕೇಳುವುದಿದೆ.

ಮೌಲಾಸಾಬರು ಹಬ್ಬದ ಅಂಗಿ ಹಾಕಿಕೊಂಡು ಮಗಳನ್ನು ಕರೆದುಕೊಂಡು ಹೋದರು. ಕದ್ದವರು ತಪ್ಪಿಸಿಕೊಳ್ಳುತ್ತಾರೆ, ಕದಿಯದವರು ಚೊಕ್ಕ ಬಟ್ಟೆ ಹಾಕಿಕೊಂಡು ಹೋಗುತ್ತಾರೆ ಎಂಬುದು ಅವರ ಲೆಕ್ಕ. ಮಧ್ಯಾಹ್ನ ಹೋದವರು ಹೊತ್ತು ಇಳಿಯುವಾಗ ಬಂದರು. ಅಷ್ಟರಲ್ಲಿ ಶಬಾನಾ ‘ಹೌದು, ನಾನೇ ತಗೊಂಡೆ’ ಅಂದಾಗಿತ್ತು. ಎಲ್ಲಿಟ್ಟೆ ಅಂದರೆ ಗೊತ್ತಿಲ್ಲ ಅಂದಿದ್ದಳು. ನಾಳೆ ಒಡವೆ ತಂದುಕೊಡಿ ಎಂದು ಹೇಳಿ ಕಳಿಸಿದ್ದರು.

ನಾಳೆ ಆಗುವುದರೊಳಗೆ ಒಡವೆ ಸಿಕ್ಕಿತು. ಆ ಹೆಂಗಸು ನದಿಗೆ ಇಳಿಯುವ ಮೊದಲು ಅದನ್ನು ಬಿಚ್ಚಿ, ಉಟ್ಟ ಸೀರೆಯ ಸೆರಗಿಗೇ ಗಂಟು ಹಾಕಿ, ಒದ್ದೆ ಸೀರೆಯನ್ನು ಹಾಗೇ ಮುದ್ದೆ ಮಾಡಿ ಚೀಲಕ್ಕೆ ತುರುಕಿದ್ದಳಂತೆ. ಊರಿಗೆ ಹೋಗಿ ಸೀರೆ ಹಿಂಡುವಾಗ ಕೈಗೆ ಹತ್ತಿತು. ಪುಣ್ಯಾತ್ಗಿತ್ತಿ ಠಾಣೆಗೆ ಫೋನು ಮಾಡಿ ತಿಳಿಸಿದಳು. ಠಾಣೆಯವರೂ ತಿಳಿಸಿದರು, ಸಿಕ್ಕಿತಂತೆ, ಇನ್ನು ಬರಬೇಡಿ ಎಂದು. ಯಾರೂ ಯಾರನ್ನೂ ಕ್ಷಮೆ ಕೇಳಲಿಲ್ಲ. ನಮ್ಮಲ್ಲಿ ಅದಕ್ಕೂ ಒಂದು ರೂಢಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಒಡವೆ ಸಿಕ್ಕಿತು, ಮೊದಲಿನ ಹುಡುಗಿ ಸಿಗಲಿಲ್ಲ. ಕದ್ದಿರದಿದ್ದರೆ ಹೌದು ಅಂತ ಯಾಕೆ ಅಂದಳು ಎಂಬ ಪ್ರಶ್ನೆ ಓಣಿಯಲ್ಲಿ ಉಳಿಯಿತು. ನೀರಿನ ನಳದ ಹತ್ತಿರ, ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ, ಅದೇ ಪ್ರಶ್ನೆ. ನಾನು ಒಬ್ಬಿಬ್ಬರ ಮೇಲೆ ಸೀಟಿಯಿಲ್ಲದೆಯೇ ಹರಿಹಾಯ್ದೆ. ಬಾಯಿ ಮುಚ್ಚಿದರು, ಕಣ್ಣು ಮುಚ್ಚಲಿಲ್ಲ. ಶಬಾನಾ ಮೈದಾನಕ್ಕೆ ಬರುವುದನ್ನು ಬಿಟ್ಟಳು, ಆಮೇಲೆ ಶಾಲೆಯನ್ನೇ ಬಿಟ್ಟಳು. ಮನೆಗೆ ಹೋಗಿ ಕರೆದರೆ ಹೊಲಿಗೆ ಮಶಿನ್ನಿನಿಂದ ತಲೆ ಎತ್ತುತ್ತಿರಲಿಲ್ಲ. ಅಪ್ಪನ ಜೊತೆಗೂ ಹೂಂ, ಊಂಹೂಂ, ಅಷ್ಟೇ ಮಾತು.

ಆ ವರ್ಷ ಚಳಿಗಾಲದಲ್ಲಿ ಮೌಲಾಸಾಬರು ಈ ಗಾದಿಯನ್ನು ಬಿಚ್ಚಿ ಮತ್ತೆ ತುಂಬಲು ಬಂದಿದ್ದರು. ಹತ್ತಿಯ ಧೂಳಿನಲ್ಲಿ ಅವರ ಹುಬ್ಬು ಬೆಳ್ಳಗಾಗಿತ್ತು. ಸೂಜಿ ನಿಲ್ಲಿಸಿ, ನನ್ನ ಮುಖ ನೋಡದೆ ಹೇಳಿದರು:

“ಅವತ್ತು ಠಾಣೇದಾಗ ಸಾಹೇಬ್ರು ನನಗ ಕೂಡ್ರಿ ಅಂದ್ರು ಅಕ್ಕಾರ. ಶಬಾನಾನ ಬಾಜೂಕ ಕುರ್ಚಿ ಖಾಲಿ ಇತ್ತು. ನಾ ‘ಇರ್ಲಿ ಬಿಡ್ರಿ ಸಾಹೇಬ್ರ, ಹೊರಗೇ ಇರ್ತೇನಿ’ ಅಂದೆ. ಇನ್ನೊಮ್ಮೆ ಅಂತಾರ, ಆಗ ಕೂಡೂಣು ಅಂತ ಬಾಗಿಲಿನ್ಯಾಗ ನಿಂತೆ. ಅವರು ಅನ್ಲಿಲ್ಲ. ಪೊಲೀಸಪ್ಪ ಬಾಗಿಲಾ ಮುಚ್ಚಿದ. ಬೇವಿನ ಗಿಡದ ಕೆಳಗ ಕುಂತು ಬಾಗಿಲಾನೇ ನೋಡ್ಕೋತ ಇದ್ದೆ, ಈಗ ಕರೀತಾರ, ಈಗ ಕರೀತಾರ ಅಂತ.”

ಆಮೇಲೆ ಕೇಳಿದರು, “ನಮ್ಮ ಹುಡುಗಿ ಯಾಕ ಹೌದಂದ್ಳು? ನಾ ಕೇಳಿದ್ರ ಹೇಳಂಗಿಲ್ಲ. ನಿಮಗರ ಹೇಳ್ಯಾಳೇನ್ರಿ?”

ನನಗೂ ಹೇಳಿರಲಿಲ್ಲ. ಅವರು ಮತ್ತೆ ಸೂಜಿ ಚುಚ್ಚಿದರು. ಅಂದಿನಿಂದ ಎಷ್ಟೋ ಸಲ ಕೇಳಿದರು, ಕೊನೆಗೆ ಹೋದ ಮಳೆಗಾಲದಲ್ಲಿ ದಮ್ಮು ಹೆಚ್ಚಾಗಿ ಮಲಗಿದಾಗಲೂ ಕೇಳಿದರು. ಉತ್ತರ ಸಿಗದೆಯೇ ತೀರಿಕೊಂಡರು.

ನಿನ್ನೆ ನಮ್ಮ ಹಳೆಯ ಶಾಲೆಯಲ್ಲಿ ಮಕ್ಕಳ ಹಕ್ಕುಗಳ ಬಗ್ಗೆ ಕಾರ್ಯಕ್ರಮವಿತ್ತು. ನಿವೃತ್ತರಾದವರನ್ನು ಮುಂದಿನ ಸಾಲಿನಲ್ಲಿ ಕೂಡಿಸಿ ಶಾಲು ಹೊದಿಸುವುದು ಒಂದು ಪದ್ಧತಿ. ಸೆಖೆಯಲ್ಲಿ ಶಾಲು ಹೊದ್ದು ಬೆವರುತ್ತ, ತೂಕಡಿಸುವ ತಯಾರಿಯಲ್ಲಿದ್ದೆ. ವಕೀಲ ಹುಡುಗಿಯೊಬ್ಬಳು ಮೈಕು ಹಿಡಿದಳು. ಹದಿನೆಂಟು ತುಂಬದವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಬೇಡಿ ಹಾಕುವಂತಿಲ್ಲ ಅಂದಳು. ಅವರನ್ನು ಮಾತಾಡಿಸುವ ಪೊಲೀಸರು ಖಾಕಿ ಹಾಕಿರಬಾರದು, ಒಪ್ಪಿಕೋ ಎಂದು ಬಲವಂತ ಮಾಡಬಾರದು, ಹೇಳಿಕೆಯ ಕೆಳಗೆ ಸಹಿ ಹಾಕಿಸಬಾರದು, ಬೇಕೆಂದರೆ ಪುಕ್ಕಟೆ ವಕೀಲರು ಸಿಗುತ್ತಾರೆ ಅಂದಳು. ನನ್ನ ತೂಕಡಿಕೆ ಹೋಯಿತು. ತಂದೆ ತಾಯಿಗೆ ಸುದ್ದಿ ಮುಟ್ಟಿಸಲೇಬೇಕು, ವಿಚಾರಣೆಯ ಹೊತ್ತಿನಲ್ಲಿ ಅವರು ಮಗುವಿನ ಪಕ್ಕದಲ್ಲೇ ಇರಬಹುದು ಅಂದಳು.

ಹಿಂದಿನಿಂದ ಒಬ್ಬ ತಂದೆ ಎದ್ದು ಕೇಳಿದ: “ಸಾಹೇಬ್ರು ಕೂಡ್ರಿ ಅನ್ಲಿಲ್ಲಂದ್ರ ಹ್ಯಾಂಗ್ರಿ?”

“ಅವರು ಅನ್ನೋದು ಬ್ಯಾಡ್ರಿ,” ಅಂದಳು ಆ ಹುಡುಗಿ. “ಕಾನೂನು ಆಗಲೇ ಅಂದದ. ನೀವು ಹೋಗಿ ಕೂಡ್ರಿ, ಅಷ್ಟೇ.”

ಸಭೆ ನಕ್ಕಿತು. ನಾನು ನಗಲಿಲ್ಲ. ಹಿಂದೆ ಒಂದು ಕುರ್ಚಿ ಸರಿದ ಸದ್ದಾಯಿತು. ತಿರುಗಿ ನೋಡಿದರೆ ಶಬಾನಾ. ಅವಳ ತಂಗಿ ಈಗ ಅದೇ ಶಾಲೆಯಲ್ಲಿದ್ದಾಳೆ, ಅವಳ ಪಾಲಕಳಾಗಿ ಬಂದಿದ್ದಳು. ಬುರ್ಖಾದ ಅಂಚಿನಿಂದ ಬಾಯಿ ಒತ್ತಿಕೊಂಡು ಹೊರಗೆ ಹೋದಳು.

ಇವತ್ತು ಮಧ್ಯಾಹ್ನ, ಬಿಸಿಲಲ್ಲಿದ್ದ ಈ ಗಾದಿ ನೋಡಲು ನಾನು ಮೇಲೆ ಹೋಗಿದ್ದಾಗ, ಅವಳೇ ಮಾಳಿಗೆ ಹತ್ತಿ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಥೇಟ್ ಅಪ್ಪ.

“ಬಾ, ಕೂಡು,” ಅಂದೆ.

“ಇರ್ಲಿ ಬಿಡ್ರಿ ಟೀಚರ್.”

ಗಾದಿಯ ಹತ್ತಿರ ಹೋಗಿ ಮೊಣಕಾಲೂರಿ, ಅದನ್ನು ಮಗ್ಗುಲು ಬದಲಿಸಿ, ಗಂಟಾದ ಕಡೆ ಅಂಗೈಯಿಂದ ಬಡಿದು ಸಡಿಲಿಸತೊಡಗಿದಳು. ಬಡಿಯುತ್ತಲೇ ಮಾತು ಶುರುಮಾಡಿದಳು. ಇಷ್ಟು ವರ್ಷದ ಮೇಲೆ ಅವಳ ಬಾಯಿಂದ ಅಷ್ಟು ಮಾತು ಕೇಳಿದೆ.

“ಒಂದೇ ಮಾತು ಕೇಳಾಕತ್ತಿದ್ರು ಟೀಚರ್. ಎಲ್ಲಿಟ್ಟಿ, ಎಲ್ಲಿಟ್ಟಿ. ಹೊಡೀಲಿಲ್ಲ. ಹೊಡೆದಿದ್ರ ಅತ್ತು ಸುಮ್ಮನಾಗ್ತಿದ್ದೆ. ಒಬ್ಬ ಹೆಣ್ಮಗಳು ಸೈತ ಇದ್ದಿಲ್ಲ ಅಲ್ಲಿ. ಹೌದನ್ನು, ಈಗ್ಲೇ ಮನಿಗೆ ಹೋಗು ಅಂದ್ರು.”

“ಅದಕ್ಕ ಅಂದ್ಯಾ?”

ಕೈ ನಿಲ್ಲಿಸಿದಳು. “ಅದಕ್ಕಲ್ಲರಿ. ಮೊದಲ ನಮ್ಮ ಅಬ್ಬಾಗ ಕೂಡ್ರಿ ಅಂದಿದ್ರು. ನನ್ನ ಬಾಜೂಕ. ಅಬ್ಬಾ ಇರ್ಲಿ ಬಿಡ್ರಿ ಅಂತ ಹೊರಗ ಹೋದ. ನಾ ಕದ್ದೇನಂತ ಅಬ್ಬಾಗ ಅನಿಸ್ಯಾದ, ನಾಚಿಕಿ ಬಂದು ನನ್ನ ಬಾಜೂಕ ಕೂಡ್ಲಿಲ್ಲ ಅಂತ ತಿಳ್ದೆ. ಅಬ್ಬಾನೇ ನಂಬಲಿಲ್ಲಂದ ಮ್ಯಾಲ ನಾ ಇಲ್ಲ ಅಂದು ಏನ್ ಮಾಡೂದಿತ್ತು? ಹೌದು ಅಂದೆ.”

ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಬೇಡಿ. ಎರಡನೆಯ ಸಲ ಕರೆಯದ ಆ ಸಾಹೇಬನ ಮೇಲೆ, ಕರೆಯಬೇಕಾಗಿಯೇ ಇಲ್ಲವೆಂದು ನಮಗ್ಯಾರಿಗೂ ಹೇಳದ ಊರಿನ ಮೇಲೆ, ನಮ್ಮ ಮರ್ಯಾದೆಯ ಮೇಲೆ. ಒಂದು ಗೋಡೆಯ ಆಚೆ ಅಪ್ಪ, ಈಚೆ ಮಗಳು. ಒಬ್ಬರಿಗೊಬ್ಬರು ಕಾಯುತ್ತ ಕೂತರು, ಆ ಮಧ್ಯಾಹ್ನ ಮುಗಿಯಲೇ ಇಲ್ಲ.

ಮೌಲಾಸಾಬರು ಇದೇ ಗಾದಿ ಹೊಲಿಯುತ್ತ ಹೇಳಿದ್ದನ್ನು ಅವಳಿಗೆ ಹೇಳಿದೆ. ಒಂದು ಮಾತೂ ಹೆಚ್ಚುಕಡಿಮೆ ಮಾಡಲಿಲ್ಲ. ಬಾಗಿಲಿನಲ್ಲಿ ನಿಂತದ್ದು, ಇನ್ನೊಮ್ಮೆ ಅನ್ನುತ್ತಾರೆಂದು ಕಾದದ್ದು, ಬೇವಿನ ಕೆಳಗೆ ಕೂತು ಬಾಗಿಲನ್ನೇ ನೋಡಿದ್ದು.

ಅವಳು ಗಾದಿಯ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಅಪ್ಪನದೇ ಹೊಲಿಗೆ.

“ಅಂದ್ರ ಅಬ್ಬಾ ಕೂಡ್ಬೇಕಂತಿದ್ದ.”

“ಹೌದು ಬೇ. ಕೂಡ್ಬೇಕಂತೇ ಇದ್ರು.”

“ಆ ಕುರ್ಚಿ ಅವಂದೇ ಇತ್ತು ಟೀಚರ್. ಯಾರೂ ಕರಿಯೂದೇ ಬೇಕಿದ್ದಿಲ್ಲ.”

ಅಷ್ಟು ಹೇಳಿ ಅತ್ತಳು. ಖೋ ಖೋದಲ್ಲಿ ಮೊಣಕಾಲು ಕಿತ್ತುಹೋದಾಗಲೂ ಅಳದ ಹುಡುಗಿ. ಸಮಾಧಾನ ಮಾಡಲು ನನಗೆ ಬರುವುದಿಲ್ಲ, ಸೀಟಿಯವಳಿಗೆ ಅದೆಲ್ಲ ಎಲ್ಲಿಂದ ಬರಬೇಕು. ಕೂತುಕೋ ಅಂದೆ, ಒಮ್ಮೆ. ಎರಡನೆಯ ಸಲ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳು ಗಾದಿಯ ಮೇಲೆ ಕೂತಾಗಿತ್ತು, ಮಧ್ಯದಲ್ಲಿ, ಕಾಲು ಮಡಚಿ. ಹತ್ತಿ ಇನ್ನೂ ಬಿಸಿಯಾಗಿತ್ತು. ಅವಳು ನನಗೆ ಕೂಡ್ರಿ ಅನ್ನಲಿಲ್ಲ. ನಾನೇ ಹೋಗಿ ಅವಳ ಪಕ್ಕದಲ್ಲಿ ಕೂತೆ.