ಭಟ್ಟಿ ಅಮ್ಮ ಕೇಳಲು ಬಂದಿದ್ದ ಹೆಸರು

ಭಟ್ಟಿ ಅಮ್ಮನ ಕಣ್ಣಿಗೆ ರೆಪ್ಪೆಗೂದಲು ಇರಲಿಲ್ಲ. ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯ ಉರಿಗೆ ಮುಖ ಕೊಟ್ಟು ಕೂತು, ಹುಬ್ಬು ರೆಪ್ಪೆ ಎರಡೂ ಸುಟ್ಟು, ಮತ್ತೆ ಬಂದು, ಮತ್ತೆ ಸುಟ್ಟು, ಕೊನೆಗೆ ಬರುವುದನ್ನೇ ಬಿಟ್ಟಿದ್ದವು. ಹಾಗಾಗಿ ಆಕೆಯ ಕಣ್ಣುಗಳು ಯಾವಾಗಲೂ ತೀರ ಬರಿದಾಗಿ, ಅಗಲವಾಗಿ ಕಾಣುತ್ತಿದ್ದವು. ಅವನ್ನು ಕ್ಯಾಮೆರಾದಲ್ಲಿ ಹಿಡಿಯಬೇಕು ಅನ್ನಿಸಿದ್ದರಿಂದಲೇ ನಾನು ಸಿನಿಮಾ ಮಾಡಿದ್ದು.

ಆಗ ಕೊಟ್ಟೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಮದುವೆ ವಿಡಿಯೋ ತೆಗೆದು ಹೊಟ್ಟೆ ಹೊರೆಯುತ್ತಿದ್ದೆ. ಅಮ್ಮ ದುಡಿಯುತ್ತಿದ್ದ ಭಟ್ಟಿ ಹಿಂದಿನ ಓಣಿಯಲ್ಲಿತ್ತು. ಹೆತ್ತ ತಾಯಿಯಲ್ಲ; ಓಣಿಯವರಿಗೆಲ್ಲ ಆಕೆ ಭಟ್ಟಿ ಅಮ್ಮ, ನನಗೂ ಹಾಗೇ. ಉರಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ಆಕೆಯ ದನಿಯೇ ಜೋರು. ಗುಟ್ಟು ಹೇಳಿದರೂ ಓಣಿಯ ತುದಿಗೆ ಕೇಳುತ್ತಿತ್ತು. ಬಾಂಡಲೆಯ ಮರಳು ಕಾದಿದೆಯೋ ಇಲ್ಲವೋ ಎಂದು ನಾಲ್ಕು ಕಾಳು ಎಸೆದು, ತಲೆ ವಾಲಿಸಿ ಆಲಿಸುತ್ತಿದ್ದಳು. "ಕಣ್ಣಿಲಿ ಅಲ್ಲ ತಮ್ಮಾ, ಇದನ್ನ ಕಿವಿಲೇ ನೋಡಬೇಕು" ಎನ್ನುವಳು.

ಒಂದು ಬೇಸಿಗೆ, ಗೆಳೆಯನೊಬ್ಬನ, ಸಣ್ಣ ಕ್ಯಾಸೆಟ್ ಹಾಕುವ ಡಿಜಿಟಲ್ ವಿಡಿಯೋ ಕ್ಯಾಮೆರಾ ಇಸಿದುಕೊಂಡು ಭಟ್ಟಿಯಲ್ಲಿ ಒಂದು ವಾರ ಕೂತೆ. ಆಕೆ ಕ್ಯಾಮೆರಾಕ್ಕೆ ಅಂಜಲಿಲ್ಲ, ನಾಚಲಿಲ್ಲ. ಮೂರನೇ ದಿನ ಮಧ್ಯಾಹ್ನ ಉರಿ ಆರಿಸಿ, ಗೋಡೆಗೆ ಒರಗಿ ಕೂತಾಗ, ನಾನು ಏನೂ ಕೇಳದೆಯೇ ಮಾತು ತೆಗೆದಳು.

"ನನಗೊಬ್ಬ ಮಗಳು ಇದ್ಲು. ರತ್ನಿ. ಆರು ವರ್ಷದಾಕಿ. ಜ್ವರ ಬಂತು, ಹೊಸಪೇಟಿಗೆ ಕರಕಂಡು ಹೊಂಟಿದ್ವಿ, ಬಸ್ಸಿನಾಗ ನನ್ನ ತೊಡಿ ಮ್ಯಾಲ ಹೋದ್ಲು. ಒಂದು ಫೋಟೋನೂ ಇಲ್ಲ. ಹೊಡಸಾಣ ಹೊಡಸಾಣ ಅಂತಿದ್ವಿ."

ಗಂಡ ಬದುಕಿರುವವರೆಗೂ ಮನೆಯಲ್ಲಿ ಆ ಹೆಸರು ಎತ್ತಗೊಡುತ್ತಿರಲಿಲ್ಲವಂತೆ. ಕೇಳಿದರೆ ಉಣ್ಣದೆ ಎದ್ದುಬಿಡುತ್ತಿದ್ದನಂತೆ. ಈಗ ಅವನೂ ಇಲ್ಲ.

"ಆಕಿ ಹೆಸರು ಹೇಳಾಕಿ ನಾನೊಬ್ಬಾಕಿನಾ ಉಳದೀನಿ. ನಾನೂ ಹೋದ್ರ, ರತ್ನಿ ಅನ್ನಾಕಿ ಇದ್ಲು ಅನ್ನೋದಾ ಇರಂಗಿಲ್ಲ." ಆಮೇಲೆ ಕ್ಯಾಮೆರಾದತ್ತ ಕೈ ತೋರಿಸಿ ಕೇಳಿದಳು: "ಇದರಾಗ ಆದ್ರ ಉಳೀತೈತಿ, ಹೌದಲ್ಲ?"

"ಉಳೀತೈತಮ್ಮ" ಎಂದೆ.

ಚಿತ್ರ ಮೂವತ್ತನಾಲ್ಕು ನಿಮಿಷವಾಯಿತು. ನಾನು ಮೊದಲು ಕಳಿಸಬೇಕೆಂದಿದ್ದ ಸಣ್ಣ ಚಿತ್ರೋತ್ಸವದವರ ನಿಯಮ ಮೂವತ್ತು ನಿಮಿಷ ಮೀರಬಾರದೆಂದು. ಸಂಕಲನಕ್ಕೆ ಸಹಾಯ ಮಾಡುತ್ತಿದ್ದವನು, "ಇಲ್ಲಿ ಬಂದು ಕಥೆ ನಿಂತುಬಿಡುತ್ತೆ ನೋಡ್ರಿ" ಎಂದು ರತ್ನಿಯ ಮಾತನ್ನೇ ತೋರಿಸಿದ. ಆಯ್ಕೆಯಾದರೆ ಸಾಕಿತ್ತು ನನಗೆ. ಕತ್ತರಿಸಲು ಒಪ್ಪಿದೆ.

ಆ ಉತ್ಸವಗಳಾದರೂ ಎಂಥವು! ಕಾಲೇಜಿನ ಯಾವುದೋ ಕೋಣೆ, ಕಿಟಕಿಗಳಿಗೆ ಅಂಟಿಸಿದ ಪತ್ರಿಕೆ ಹಾಳೆ, ಬೆಂಚಿನ ಮೇಲೆ ಪ್ರೊಜೆಕ್ಟರ್. ನೋಡಲು ಹನ್ನೊಂದು ಜನ. ಅವರಲ್ಲಿ ಅರ್ಧ ಮುಂದಿನ ಸಿನಿಮಾದವರು. ಆದರೂ ದೀಪ ಆರಿದಾಗ ನಾನು ತೆರೆ ಬಿಟ್ಟು ಅವರ ಮುಖಗಳನ್ನೇ ನೋಡುತ್ತಿದ್ದೆ. ಹಾಗೆ ಮೂರು ಊರು ಸುತ್ತಿದೆ. ಪ್ರತಿ ಸಲ ಕರೆದರೂ ಅಮ್ಮ, "ಭಟ್ಟಿ ಬಿಟ್ಟು ಎಲ್ಲಿ ಬರ್ಲಿ" ಎಂದುಬಿಡುತ್ತಿದ್ದಳು. ಕತ್ತರಿಸಿದ್ದನ್ನು ನಾನು ಹೇಳಿರಲಿಲ್ಲ.

ನಾಲ್ಕನೆಯದು ದಾವಣಗೆರೆಯಲ್ಲಿ. ಹತ್ತಿರವೆಂದು ಅಮ್ಮ ಹೊರಟೇಬಿಟ್ಟಳು. ಹರಪನಹಳ್ಳಿ ದಾಟುವಾಗ ಕಂಡಕ್ಟರ್ ಸುಮ್ಮನೆ, "ಎತ್ಲಾಗೆ ಹೊಂಟೀರಮ್ಮ?" ಎಂದ. ಇಡೀ ಬಸ್ಸಿಗೆ ಕೇಳುವಂತೆ ಆಕೆ ಹೇಳಿದಳು: "ನನ್ನ ಮಗಳು ಸಿನಿಮಾದಾಗ ಅದಾಳಪ್ಪ. ನೋಡಾಕ ಹೊಂಟೀನಿ."

ಆಗಲಾದರೂ ಹೇಳಬೇಕಿತ್ತು. ದಾವಣಗೆರೆ ಬರುವವರೆಗೂ ಕೈಯಲ್ಲಿದ್ದ ಟಿಕೆಟ್ ಮಡಚುತ್ತ, ಬಿಡಿಸುತ್ತ ಕೂತೆ.

ಇಡೀ ಚಿತ್ರವನ್ನು ಆಕೆ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೇ ನೋಡಿದಳು. ಚಪ್ಪಾಳೆಯಾಯಿತು, ದೀಪ ಹತ್ತಿತು. ಆಕೆ ಮಾತ್ರ ತೆರೆಯಿಂದ ಕಣ್ಣು ತೆಗೆಯಲಿಲ್ಲ.

"ಇನ್ನಾ ಐತೇನ್ ತಮ್ಮಾ?"

"ಇಲ್ಲಮ್ಮ. ಮುಗೀತು."

"ರತ್ನಿ ಬರ್ಲಿಲ್ಲ?"

ನಿಯಮ, ನಿಮಿಷ ಎಂದು ಏನೇನೋ ತೊದಲಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಹೌದಾ" ಎಂದಳು. ಜೀವಮಾನದಲ್ಲಿ ಆಕೆಯ ದನಿ ಅಷ್ಟು ಮೆಲ್ಲಗಿದ್ದುದನ್ನು ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಆಯೋಜಕರು ಆಕೆಯನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಈಗ ರತ್ನಿಯ ಹೆಸರು ಹೇಳುತ್ತಾಳೆ ಅಂದುಕೊಂಡೆ. ಹೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆಕೆ ನನ್ನ ಕಡೆ ನೋಡಿದಳು. ನನ್ನ ಮುಖದಲ್ಲಿ ಏನು ಕಂಡಳೋ. "ಹುಡುಗ ಚಲೋ ತಗದಾನ್ರಿ" ಎಂದಷ್ಟೇ ಹೇಳಿ ಮೈಕು ತಿರುಗಿ ಕೊಟ್ಟಳು.

ವಾಪಸು ಬಸ್ಸಿನಲ್ಲಿ ಒಂದೇ ಮಾತು ಕೇಳಿದಳು. "ಆ ತುಣುಕು ಇಟ್ಟೀಯಿಲ್ಲ?"

"ಇಟ್ಟೀನಮ್ಮ. ಹಚ್ಚಿಕೊಡ್ತೀನಿ."

ಊರಿಗೆ ಬಂದವನೇ ಕ್ಯಾಸೆಟ್ ಹುಡುಕಿ ಹಾಕಿದೆ. ಅದರಲ್ಲಿ ಹಗರಿಬೊಮ್ಮನಹಳ್ಳಿಯ ಮದುವೆಯೊಂದರ ಊಟದ ಪಂಕ್ತಿ ಓಡುತ್ತಿತ್ತು. ಹೊಸ ಕ್ಯಾಸೆಟ್ ಸಿಗದ ಅವಸರದಲ್ಲಿ ನಾನೇ ಅದರ ಮೇಲೆ ಮದುವೆ ತೆಗೆದಿದ್ದೆ. ಸಂಕಲನ ಮಾಡಿದ ಕಂಪ್ಯೂಟರಿನಲ್ಲೂ ಎಲ್ಲ ಅಳಿಸಿಹೋಗಿತ್ತು. ಕೊನೆಯವರೆಗೂ ಓಡಿಸಿ ನೋಡಿದೆ. ಹೋಳಿಗೆ ಬಡಿಸುತ್ತಿದ್ದರು.

ಒಂದು ವಾರ ಭಟ್ಟಿಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಹೋಗಿ, ಇದ್ದದ್ದನ್ನು ಇದ್ದಂತೆ ಹೇಳಿದೆ. ಇನ್ನೊಂದು ಸಲ ಹೇಳಮ್ಮ ಎಂದು ಕ್ಯಾಮೆರಾ ಹಚ್ಚಿದೆ. ಆಕೆ ಬೈಯಲಿಲ್ಲ. ಅದೇ ಗೋಡೆಗೆ ಒರಗಿ ಕೂತು, ಸೆರಗು ಸರಿಮಾಡಿಕೊಂಡು ಬಾಯಿ ತೆರೆದಳು. ತುಟಿ ಅಲುಗಿದವು. "ಬರವಲ್ದು ತಮ್ಮಾ. ಅವತ್ತು ಬಂದಿತ್ತು" ಎಂದಳು. ಎದ್ದು ಉರಿ ಹಚ್ಚಲು ಹೋದಳು.

ಆ ವರ್ಷವೇ ಚಳಿಗಾಲದಲ್ಲಿ ಹೊಗೆ ತಿಂದ ಆಕೆಯ ಎದೆ ಕೈಕೊಟ್ಟಿತು. ಸುದ್ದಿ ಬಂದಾಗ ನಾನು ಮೈಸೂರಿನ ಒಂದು ಉತ್ಸವದಲ್ಲಿದ್ದೆ. ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು.

ಆಮೇಲೂ ಕೆಲವು ಕಡೆ ಆ ಚಿತ್ರಕ್ಕೆ ಕರೆ ಬಂತು. ಚಿತ್ರ ಮುಗಿದ ಮೇಲೆ ಎದ್ದು ನಿಂತು, ಈ ಅಮ್ಮನಿಗೆ ರತ್ನಿ ಎಂಬ ಮಗಳಿದ್ದಳು, ಆರು ವರ್ಷದವಳು, ಅವಳ ಬಗ್ಗೆ ಅಮ್ಮ ಆಡಿದ ಮಾತು ಇದರಲ್ಲಿತ್ತು, ನಾನು ಕತ್ತರಿಸಿದೆ ಎಂದು ಹೇಳುತ್ತೇನೆ. ಒಮ್ಮೆ ಹೂವಿನಹಡಗಲಿಯಲ್ಲಿ, ನಾನು ಬಾಯಿ ತೆರೆಯುವಷ್ಟರಲ್ಲಿ ಆಯೋಜಕರು ಹೊತ್ತಾಯಿತೆಂದು ಮೈಕು ಬಂದ್ ಮಾಡಿದರು. ಜನ ಎದ್ದು ಬಾಗಿಲ ಕಡೆ ಹೊರಟಿದ್ದರು. ನಾನು ಕೂಗಿಯೇ ಹೇಳಿದೆ.