ಡ್ರೈವರ್ ಪೂವಯ್ಯನ ಡಬ್ಬಿ

ನನ್ನ ಗಂಡ ಪೂವಯ್ಯ ಇಪ್ಪತ್ತೆರಡು ವರ್ಷ ಖಾಸಗಿ ಬಸ್ಸು ಓಡಿಸಿದರು. ವಿರಾಜಪೇಟೆಯಿಂದ ಸಿದ್ದಾಪುರ, ನೆಲ್ಯಹುದಿಕೇರಿ ದಾಟಿ ಕುಶಾಲನಗರ, ಮತ್ತೆ ವಾಪಸು. ದಿನಕ್ಕೆ ಮೂರು ಸಲ. ಹೋದ ಫೆಬ್ರವರಿಯಲ್ಲಿ ತೀರಿಕೊಂಡರು. ವಯಸ್ಸು ಐವತ್ತೊಂದು. ಎರಡೂ ಕಿಡ್ನಿ ಹೋಗಿತ್ತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆದು ಅಭ್ಯಾಸವಿಲ್ಲ.

ಅವರು ಒಳ್ಳೆಯ ಡ್ರೈವರ್. ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಎಲ್ಲಿ ಕೈ ತೋರಿಸಿದರೂ ನಿಲ್ಲಿಸುತ್ತಿದ್ದರು. ಹಾಗೆ ನಿಲ್ಲಿಸಿದರೆ ಟೈಮು ತಪ್ಪುತ್ತದೆ, ಹಿಂದಿನ ಬಸ್ಸಿನವನು ಸ್ಟ್ಯಾಂಡಿನಲ್ಲಿ ಜಗಳಕ್ಕೆ ಬರುತ್ತಾನೆ. ಆ ಟೈಮನ್ನು ಇವರು ಕುಶಾಲನಗರದಲ್ಲಿ ಇಳಿಯದೆ ತುಂಬಿಸುತ್ತಿದ್ದರು. ಇಳಿದರೆ ಮೂತ್ರಕ್ಕೆ ಹೋಗಬಹುದು, ಇಳಿಯದಿದ್ದರೆ ಇಲ್ಲ. ದಾರಿಯಲ್ಲಿ ಬಸ್ಸು ತುಂಬ ಜನ ನೋಡುತ್ತಿರುವಾಗ ಕಾಫಿ ತೋಟದ ಬೇಲಿಯ ಮರೆಗೆ ಹೋಗಲು ಅವರಿಗೆ ನಾಚಿಕೆ. ಅದಕ್ಕೆ ನೀರೇ ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಹೊರಟರೆ ಸಂಜೆ ಮನೆಗೆ ಬಂದ ಮೇಲೆಯೇ ನೀರು. ಇಡೀ ದಿನ ಎಡಗಾಲಿನ ಪಕ್ಕದಲ್ಲಿ ಎಂಜಿನ್ನಿನ ಬಿಸಿ. ನಾನು ಕೊಟ್ಟ ನೀರಿನ ಬಾಟಲಿ ತುಂಬಿದ ಹಾಗೆಯೇ ವಾಪಸು ಬರುತ್ತಿತ್ತು. ಅದೇ ನೀರನ್ನು ಮಾರನೇ ದಿನವೂ ಬ್ಯಾಗಿಗೆ ಹಾಕಿ ಕಳಿಸಿದ್ದೇನೆ.

ಐದು ವರ್ಷದ ಹಿಂದೆ ವಿನುತಾ ಎಂಬ ಹುಡುಗಿ ಬಿಟ್ಟಂಗಾಲದ ನಮ್ಮ ಮನೆಗೆ ಬಂದಳು. ಶನಿವಾರಸಂತೆ ಕಡೆಯವಳು, ಯಾವುದೋ ಮೆಡಿಕಲ್ ಕಾಲೇಜಿನಲ್ಲಿ ಓದಿ ಅಲ್ಲಿಯೇ ಕೆಲಸಕ್ಕಿದ್ದಳು. ಬಸ್ ಡ್ರೈವರುಗಳ ಮೈಗೆ ಅವರ ಕೆಲಸ ವರ್ಷದಿಂದ ವರ್ಷಕ್ಕೆ ಏನು ಮಾಡುತ್ತದೆ ಎಂದು ಆ ಕಾಲೇಜಿನವರು ನೋಡುತ್ತಾರಂತೆ. ನಲವತ್ತು ಡ್ರೈವರುಗಳನ್ನು ಸೇರಿಸಿಕೊಂಡಿದ್ದರು. ವರ್ಷಕ್ಕೆ ಒಂದು ಸಲ ಬಿಪಿ, ತೂಕ ನೋಡುವುದು, ಪ್ರಶ್ನೆ ಕೇಳಿ ಬರೆದುಕೊಳ್ಳುವುದು, ಮೂತ್ರ ಪರೀಕ್ಷೆ. ಸೂಜಿ ಎಂದರೆ ಆಗದು ಎಂದು ನಮ್ಮವರು ರಕ್ತ ಕೊಡಲಿಲ್ಲ. ಡ್ರೈವರುಗಳು ಬೆಳಕು ಹರಿಯುವ ಮೊದಲೇ ಹೊರಡುವವರು. ಹಾಗಾಗಿ ಹಿಂದಿನ ದಿನವೇ ಒಂದು ಬಿಳಿ ಡಬ್ಬಿ ಕೊಟ್ಟು ಹೋಗುತ್ತಿದ್ದಳು. ಬೆಳಿಗ್ಗೆ ಅವಳು ಬಂದಾಗ ಮನೆಯವರು ಅದನ್ನು ಕೊಡಬೇಕು.

ಮೊದಲನೇ ವರ್ಷ ಅವರದೇ ಕೊಟ್ಟೆವು. ಎರಡನೇ ವರ್ಷ ಬಚ್ಚಲಿಗೆ ಹೋದಾಗ ಡಬ್ಬಿ ಕಟ್ಟೆಯ ಮೇಲಿತ್ತು. ಹಾಲು ಹಾಕದ ಚಹಾದ ಬಣ್ಣ. ನಾನು ಅದನ್ನೇ ನೋಡುತ್ತಾ ನಿಂತದ್ದು ಕಂಡು ಅವರು ತಮಾಷೆ ಮಾಡಿದರು.

"ಆಯಿಲ್ ಬದಲಿಸುವ ಹೊತ್ತಾಯ್ತು ಕಾಣ್ತದೆ."

ನನಗೆ ನಗು ಬರಲಿಲ್ಲ. ಆಗ ಮಗಳು ಮೋಕ್ಷಿತಾಳಿಗೆ ಭಾಗಮಂಡಲ ಕಡೆಯಿಂದ ಸಂಬಂಧ ಬಂದಿತ್ತು. ಡ್ರೈವರಿಗೆ ಇಂಥ ಕಾಯಿಲೆ ಎಂದರೆ ಜನ ಮೊದಲು ಕುಡಿತ ಎನ್ನುತ್ತಾರೆ, ಆಮೇಲೆ ಹೆಂಗಸು ಎನ್ನುತ್ತಾರೆ. ಇವರು ಎರಡೂ ಇಲ್ಲದವರು. ಪರೀಕ್ಷೆಯ ವಿಷಯ ಯಾರಿಗೂ ಹೇಳುವುದಿಲ್ಲ ಎಂದು ವಿನುತಾ ಕಾಗದದಲ್ಲಿ ಬರೆದು ಕೊಟ್ಟಿದ್ದಳು. ನಾನು ನಂಬಲಿಲ್ಲ. ಡಬ್ಬಿ ಚೆಲ್ಲಿ, ತೊಳೆದು, ನನ್ನದು ತುಂಬಿಸಿದೆ. ಮದುವೆ ಒಂದು ಆಗಲಿ, ಆಮೇಲೆ ಆಸ್ಪತ್ರೆಗೆ ಹೋಗುವ ಎಂದು ಅವರಿಗೆ ಹೇಳಿದೆ. ಬಸ್ಸಿನ ಟೈಮಾಗಿತ್ತು. ಅವರು ಹೋದರು.

ಆಮೇಲೆ ಹೋಗಲಿಲ್ಲ. ಬಣ್ಣ ಒಮ್ಮೆ ಬರುತ್ತಿತ್ತು, ಒಮ್ಮೆ ಸರಿಯಾಗುತ್ತಿತ್ತು. ಸರಿಯಾದಾಗ ನಾವಿಬ್ಬರೂ ಮರೆತುಬಿಡುತ್ತಿದ್ದೆವು.

ಮೂರನೇ ವರ್ಷವೂ ನನ್ನದೇ. ಆ ಸಲ ಮೂತ್ರದಲ್ಲಿ ಸೋಂಕು ಉಂಟು, ಡಾಕ್ಟರಿಗೆ ತೋರಿಸಿ ಎಂದು ವಿನುತಾ ಫೋನು ಮಾಡಿದಳು. ಇವರ ಹೆಸರಿನಲ್ಲಿ ಬರೆಸಿಕೊಂಡ ಮಾತ್ರೆ ನಾನು ತಿಂದೆ. "ನನ್ನ ಕಾಯಿಲೆಗೆ ನೀನು ಮಾತ್ರೆ ತಿನ್ನು, ನಿನ್ನ ಬದಲಿಗೆ ನಾನು ಅನ್ನಕ್ಕೆ ಇಡ್ತೇನೆ" ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ನಗು ನೆನಪಾದರೆ ಈಗ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ.

ನಾಲ್ಕನೇ ವರ್ಷದ ಹೊತ್ತಿಗೆ ಮಗಳ ಮದುವೆ ಮುಗಿದಿತ್ತು. ಡಬ್ಬಿ ಬಂದ ಸಂಜೆ ಅವರು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಚಪ್ಪಲಿಯ ಪಟ್ಟಿ ಪಾದದಲ್ಲಿ ಹೂತು ಗುರುತು ಬಿದ್ದಿತ್ತು.

"ಈ ಸಲ ನಂದೇ ಕೊಡುವ, ಯಮುನ" ಎಂದರು. "ಕಾಲು ಊದ್ತಾ ಉಂಟು."

"ಎರಡು ವರ್ಷ ಸುಳ್ಳು ಕೊಟ್ಟದ್ದು ಗೊತ್ತಾದ್ರೆ ಆ ಹುಡುಗಿಯ ಮುಖ ಹೇಗೆ ನೋಡುದು? ಮರ್ಯಾದೆ ಹೋಗ್ತದೆ."

"ನಿಂಗೆ ಹಾಗೆ ಕಂಡ್ರೆ ಬೇಡ ಬಿಡು."

ಅಷ್ಟೇ. ಎರಡನೇ ಸಲ ಕೇಳಲಿಲ್ಲ. ಮದುವೆಯ ನೆವ ಆಗ ಇರಲಿಲ್ಲ. ಮಗಳಿಗಾಗಿ ಮಾಡಿದೆ ಎಂದು ಹೇಳಿಕೊಳ್ಳಲೂ ನನಗೆ ದಾರಿಯಿಲ್ಲ. ನನ್ನ ಮುಖ ಉಳಿಸಿಕೊಳ್ಳಲು ಮಾಡಿದೆ.

ಎಂಟು ತಿಂಗಳ ಮೇಲೆ ನೆಲ್ಯಹುದಿಕೇರಿ ಸೇತುವೆ ದಾಟಿ ಬಸ್ಸನ್ನು ಬದಿಗೆ ನಿಲ್ಲಿಸಿ, ಬ್ರೇಕ್ ಹಾಕಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟರು. ಕಂಡಕ್ಟರ್ ಅಶ್ವಥ್ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದ. ಎರಡು ತಿಂಗಳು ಡಯಾಲಿಸಿಸ್ ಆಯಿತು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದಾಗ ನಾನು ನೆಲ ನೋಡಿದೆ. ನಮ್ಮವರು ನನ್ನನ್ನು ಬಿಟ್ಟುಕೊಡಲಿಲ್ಲ. ಗೊತ್ತಾಗಲಿಲ್ಲ ಸಾರ್ ಎಂದರು.

ತಿಥಿ ಕಳೆದು ಎರಡು ತಿಂಗಳಿಗೆ ವಿನುತಾ ಬಂದಳು. ಅದು ಕೊನೆಯ ವರ್ಷ. ಅವಳಿಗೆ ಸ್ಟ್ಯಾಂಡಿನಲ್ಲಿ ವಿಷಯ ತಿಳಿದಿತ್ತು, ಅಶ್ವಥ್ ಜೊತೆಯಲ್ಲಿಯೇ ಬಂದಿದ್ದ. ಕೂತವಳು ಡ್ರೈವರುಗಳ ಹೆಸರಿದ್ದ ಪಟ್ಟಿ ತೆಗೆದಳು. ತನಗೆ ಒಂದು ವಿಷಯ ಅರ್ಥವೇ ಆಗುತ್ತಿಲ್ಲ ಎಂದಳು. ಅದೇ ರೂಟಿನ ಬೇರೆ ಡ್ರೈವರುಗಳ ಮೂತ್ರದಲ್ಲಿ ವರ್ಷ ವರ್ಷ ತೊಂದರೆ ಹೆಚ್ಚುತ್ತಿದೆಯಂತೆ. ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಬಿಡುವು ಬೇಕು ಎಂದು ಕಾಲೇಜಿನವರು ಬರೆಯುವವರಿದ್ದಾರೆ. ಆದರೆ ಎಲ್ಲರಿಗಿಂತ ಹಳಬ ಪೂವಯ್ಯ, ಅವರ ಕಿಡ್ನಿ ಮಾತ್ರ ನಾಲ್ಕು ವರ್ಷವೂ ಸರಿಯಾಗಿತ್ತು. ಹಾಗಾದರೆ ತಪ್ಪು ಕೆಲಸದ್ದಲ್ಲವಲ್ಲ ಎಂದು ಮೇಲಿನವರು ಕೇಳುತ್ತಾರಂತೆ.

"ಪೂವಯ್ಯಣ್ಣನ ಕಿಡ್ನಿ ನಿಮ್ಮ ಪೇಪರಿನಲ್ಲಿ ಚೆನ್ನಾಗಿತ್ತಾ ಮೇಡಂ?" ಎಂದ ಅಶ್ವಥ್. "ಹಾಗಾದ್ರೆ ಅಣ್ಣ ಸುಮ್ಮನೆ ಸತ್ತದ್ದು."

ಅವನು ಮೂರು ಮೈಲಿ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದವನು. ಅವನ ಎದುರಿಗೇ ಹೇಳಬೇಕಾಯಿತು.

"ಅದು ಅವರದಲ್ಲ. ನಾಲ್ಕರಲ್ಲಿ ಮೂರು ವರ್ಷದ್ದು ನಂದು."

ವಿನುತಾಳಿಗೆ ತಟ್ಟನೆ ತಿಳಿಯಲಿಲ್ಲ. ಯಾವ ಯಾವ ವರ್ಷ ಎಂದು ಕೇಳಿದಳು. ಹೇಳಿದೆ. ಮಾತ್ರೆ? ನಾನೇ ತಿಂದದ್ದು. ಬಣ್ಣ, ಕಾಲು ಊದಿದ್ದು, ನೀರು ಕುಡಿಯದಿದ್ದದ್ದು ಎಲ್ಲವನ್ನೂ ಹೇಳಿದೆ. ಅಶ್ವಥ್ ಎದ್ದು ಅಂಗಳಕ್ಕೆ ಹೋದ. ಅವಳು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು.

"ಯಮುನಕ್ಕ, ಇವರನ್ನು ಲೆಕ್ಕದಿಂದ ತೆಗೀಬೇಕಾಗುತ್ತೆ" ಎಂದಳು.

"ಈಗ ಹೇಳಿದ್ದನ್ನು ಬರ್ಕೊಳ್ಳಿ ಮೇಡಂ. ಅವರಿಗೆ ಆ ಕೆಲಸದಿಂದಲೇ ಆದದ್ದು."

"ಬಾಯಿಮಾತು ಪರೀಕ್ಷೆ ಆಗಲ್ಲ ಅಕ್ಕ. ಅವರ ಮೂರು ವರ್ಷ ನಮ್ಮ ಹತ್ರ ಇಲ್ಲ."

ನನ್ನ ಎದುರಿಗೇ ಅವರ ಹೆಸರಿನ ಮೇಲೆ ಗೀಟು ಎಳೆದಳು. ಈಗ ಕಾಲೇಜಿನವರು ಮೂವತ್ತೊಂಬತ್ತು ಜನರ ಬಗ್ಗೆ ಬರೆಯುತ್ತಾರೆ. ಇಪ್ಪತ್ತೆರಡು ವರ್ಷ ಆ ಸೀಟಿನಲ್ಲಿ ಕೂತು, ಆ ಸೀಟಿನಿಂದಲೇ ಸತ್ತ ಮನುಷ್ಯ ಅದರಲ್ಲಿಲ್ಲ. ಗೀಟು ಎಳೆಸಿದವಳು ನಾನು. ಅದಕ್ಕೆ ಅವರ ಹೆಸರನ್ನು, ನನ್ನ ಕೆಲಸವನ್ನು ಇಲ್ಲಿ ಬರೆದಿದ್ದೇನೆ.